ವೈರ್ ಹಿಡಿದು ಹೊರಡಿ: ವಿಡಿಯೊ ಸಲಕರಣೆಗಳ ಪದಗಳನ್ನು ಕಲಿಯುವ ದಾರಿ

"ಕ್ಯಾಮೆರಾ 1080ಐ50 ಕೊಡ್ತಿದೆ, ಸ್ವಿಚರ್ 1080ಪಿ50ರಲ್ಲಿದೆ. ಮಧ್ಯೆ ಒಂದು ಕನ್ವರ್ಟರ್ ಹಾಕು."

ಈ ಕೆಲಸಕ್ಕೆ ಸೇರಿದ ಮೊದಲ ವಾರ ಹಿರಿಯರೊಬ್ಬರು ನನಗೆ ಹೇಳಿದ ಮಾತಿದು. ನಾನು ಗಂಭೀರವಾಗಿ ತಲೆಯಾಡಿಸಿದೆ. ಅರ್ಥವಾಗಿದ್ದು ಕೊನೆಯ 'ಹಾಕು' ಮಾತ್ರ. ಆ ರಾತ್ರಿಯೇ ಒಂದು ಪದಪಟ್ಟಿ ಹುಡುಕಿ ಬಾಯಿಪಾಠ ಮಾಡಲು ಕೂತೆ. ಮೂರು ದಿನಕ್ಕೆ ಎಲ್ಲ ಮರೆತೂ ಹೋಯಿತು.

ಪದಪಟ್ಟಿಯ ತೊಂದರೆಯೇ ಅದು. ಅಲ್ಲಿ 'ಗೇನ್' ಪಕ್ಕದಲ್ಲೇ 'ಜೆನ್‌ಲಾಕ್' ಕೂತಿರುತ್ತದೆ. ಒಂದಕ್ಕೂ ಇನ್ನೊಂದಕ್ಕೂ ನೆಂಟಸ್ತನವೇ ಇಲ್ಲ. ಕೆಲಸದ ಜಾಗದಲ್ಲಿ ಹಾಗಲ್ಲ. ಲೆನ್ಸ್‌ಗೆ ಬಿದ್ದ ಬೆಳಕು ಪರದೆಯ ಮೇಲೆ ಚಿತ್ರವಾಗುವವರೆಗೆ ಒಂದು ದಾರಿ ಇದೆ ಅಲ್ವಾ, ಪ್ರತಿ ಪದವೂ ಆ ದಾರಿಯ ಯಾವುದೋ ಒಂದು ತಿರುವಿನಲ್ಲಿ ನಿಂತಿರುತ್ತದೆ. ಸಿಗ್ನಲ್ ಹೋಗುವ ಕಡೆ ನಾವೂ ಹೋದರೆ ಪದಗಳು ತಾವಾಗಿಯೇ ಎದುರಿಗೆ ಸಿಗುತ್ತವೆ. ಈ ಬರಹವೂ ಅದೇ ದಾರಿಯಲ್ಲಿ ಹೋಗುತ್ತದೆ.

ಹಂತ 1: ಮೊದಲು ಹಾಳೆಯ ಮೇಲೆ ದಾರಿ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ಚಿತ್ರ ಹುಟ್ಟುವ ಸಾಧನಗಳನ್ನು ಬರೆಯಿರಿ: ಕ್ಯಾಮೆರಾ, ಲ್ಯಾಪ್‌ಟಾಪ್, ಪ್ಲೇಯರ್. ಇವು ಸೋರ್ಸ್‌ಗಳು. ಬಲಗಡೆ ಚಿತ್ರ ಹೋಗಿ ಸೇರುವ ಸಾಧನಗಳು: ಮಾನಿಟರ್, ಪ್ರೊಜೆಕ್ಟರ್, ರೆಕಾರ್ಡರ್. ಇವು ಡೆಸ್ಟಿನೇಶನ್‌ಗಳು. ಉಳಿದದ್ದೆಲ್ಲ ನಡುವೆ. ಈಗ ಗೆರೆ ಎಳೆಯಿರಿ. ಪ್ರತಿ ಗೆರೆಯೂ ಒಂದು ಕೇಬಲ್, ಅದರ ಒಂದು ತುದಿ ಔಟ್‌ಪುಟ್, ಇನ್ನೊಂದು ತುದಿ ಇನ್‌ಪುಟ್. ಇದು ಚಿಕ್ಕ ಮಕ್ಕಳಿಗೆ ಹೇಳಿದ ಹಾಗಿದೆ ಅನಿಸಬಹುದು. ಆದರೆ ಔಟ್‌ಗೆ ಔಟ್ ಸಿಕ್ಕಿಸಿ ಅರ್ಧ ಗಂಟೆ ತಲೆ ಕೆರೆದುಕೊಂಡವರನ್ನು ಎಷ್ಟೋ ಸಲ ನೋಡಿದ್ದೇನೆ. ಅವರಲ್ಲಿ ನಾನೂ ಒಬ್ಬ.

ನಡುವಿನ ಪೆಟ್ಟಿಗೆಗಳಲ್ಲಿ ನಾಲ್ಕರ ಹೆಸರು ಈಗಲೇ ತಿಳಿದಿರಲಿ. ಒಂದೇ ಸಿಗ್ನಲ್ಲನ್ನು ಹಲವು ಕಡೆಗೆ ಹಂಚುವುದು ಡಿಎ, ಅಂದರೆ ಡಿಸ್ಟ್ರಿಬ್ಯೂಶನ್ ಆಂಪ್ಲಿಫೈಯರ್. ಯಾವ ಇನ್‌ಪುಟ್ ಬೇಕಾದರೂ ಯಾವ ಔಟ್‌ಪುಟ್‌ಗೆ ಬೇಕಾದರೂ ಕಳಿಸುವುದು ರೂಟರ್. ಮನೆಯ ಇಂಟರ್ನೆಟ್ ರೂಟರ್‌ಗೂ ಇದಕ್ಕೂ ಸಂಬಂಧವಿಲ್ಲ. ಕೆಲವರು ಇದನ್ನು ಮ್ಯಾಟ್ರಿಕ್ಸ್ ಎಂದೂ ಕರೆಯುತ್ತಾರೆ. ಒಂದು ಬಗೆಯ ಸಿಗ್ನಲ್ಲನ್ನು ಇನ್ನೊಂದು ಬಗೆಗೆ ಬದಲಿಸುವುದು ಕನ್ವರ್ಟರ್. ಚಿತ್ರದ ಅಳತೆ ಬದಲಿಸುವುದು ಸ್ಕೇಲರ್.

ಹಂತ 2: ಫಾರ್ಮ್ಯಾಟ್ ಓದಲು ಕಲಿಯಿರಿ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ. ಕೆಲಸದಲ್ಲಿ ಬರುವ ತೊಂದರೆಗಳಲ್ಲಿ ದೊಡ್ಡ ಪಾಲು ಇಲ್ಲಿಯದೇ.

1080ಐ50 ಎಂಬುದರಲ್ಲಿ ಮೂರು ಮಾತುಗಳಿವೆ. ಮೊದಲನೆಯದು ರೆಸಲ್ಯೂಶನ್. 1080 ಎಂದರೆ ಮೇಲಿನಿಂದ ಕೆಳಗೆ 1080 ಸಾಲು. ಅಡ್ಡಕ್ಕೆ 1920 ಪಿಕ್ಸೆಲ್. 720 ಎಂದರೆ ಅಡ್ಡಕ್ಕೆ 1280. ಎರಡರ ಆಸ್ಪೆಕ್ಟ್ ರೇಶಿಯೊ, ಅಂದರೆ ಅಗಲ ಮತ್ತು ಎತ್ತರದ ಲೆಕ್ಕ, 16:9. 4ಕೆ ಎಂಬ ಮಾತು ಬಂದಾಗ ಮಾತ್ರ ಹುಷಾರು. ಟಿವಿ ಲೋಕದ 4ಕೆ ಅಂದರೆ ಯುಎಚ್‌ಡಿ, 3840×2160. ಸಿನಿಮಾ ಲೋಕದ 4ಕೆ ಅಂದರೆ 4096×2160. ಎತ್ತರ ಒಂದೇ, ಅಗಲ ಬೇರೆ. ಒಂದನ್ನು ಇನ್ನೊಂದರಲ್ಲಿ ತೋರಿಸಿದರೆ ಅಂಚು ಕತ್ತರಿಸಬೇಕು, ಇಲ್ಲವೇ ಕಪ್ಪು ಪಟ್ಟಿ ಬಿಡಬೇಕು. ಮೇಲೆ ಕೆಳಗೆ ಪಟ್ಟಿ ಬಿದ್ದರೆ ಲೆಟರ್‌ಬಾಕ್ಸ್, ಎಡ ಬಲಕ್ಕೆ ಬಿದ್ದರೆ ಪಿಲ್ಲರ್‌ಬಾಕ್ಸ್.

ಎರಡನೆಯದು ಆ ಒಂಟಿ ಅಕ್ಷರ. 'ಪಿ' ಎಂದರೆ ಪ್ರೋಗ್ರೆಸಿವ್: ಒಂದು ಫ್ರೇಮ್‌ನ ಎಲ್ಲ ಸಾಲುಗಳೂ ಒಟ್ಟಿಗೆ ಬರುತ್ತವೆ. 'ಐ' ಎಂದರೆ ಇಂಟರ್‌ಲೇಸ್ಡ್: ಮೊದಲು ಒಂದು ಬಿಟ್ಟು ಒಂದು ಸಾಲು, ಆಮೇಲೆ ಉಳಿದ ಸಾಲುಗಳು. ಈ ಅರ್ಧ ಚಿತ್ರದ ಹೆಸರು ಫೀಲ್ಡ್. ಎರಡು ಫೀಲ್ಡ್ ಸೇರಿದರೆ ಒಂದು ಫ್ರೇಮ್. ಹಳೆಯ ಟಿವಿಗಳ ಕಾಲದಲ್ಲಿ ಕಡಿಮೆ ಜಾಗದಲ್ಲಿ ನಯವಾದ ಚಲನೆ ಕಳಿಸಲು ಹುಡುಕಿದ ಉಪಾಯ ಇದು. ಇಂದಿನ ಪರದೆಗಳೆಲ್ಲ ಪ್ರೋಗ್ರೆಸಿವ್. ಹಾಗಾಗಿ ದಾರಿಯಲ್ಲಿ ಎಲ್ಲೋ ಒಂದು ಕಡೆ ಡಿಇಂಟರ್‌ಲೇಸ್ ಆಗಲೇಬೇಕು. ಸರಿಯಾಗಿ ಆಗದಿದ್ದರೆ ಓಡುವವನ ಕೈಕಾಲಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆ ಕಾಣುತ್ತವೆ. ಆ ಹಲ್ಲು ಕಂಡರೆ ಕೇಬಲ್ ಬೈಯಬೇಡಿ, ಫಾರ್ಮ್ಯಾಟ್ ನೋಡಿ.

ಮೂರನೆಯದು ವೇಗ. ಪಿ50 ಎಂದರೆ ಸೆಕೆಂಡಿಗೆ 50 ಪೂರ್ತಿ ಫ್ರೇಮ್. ಐ50 ಎಂದರೆ ಸೆಕೆಂಡಿಗೆ 50 ಫೀಲ್ಡ್, ಅಂದರೆ 25 ಫ್ರೇಮ್. ಗೊಂದಲ ಇಲ್ಲಿಗೇ ಮುಗಿಯುವುದಿಲ್ಲ. ಇದೇ ಫಾರ್ಮ್ಯಾಟನ್ನು ಕೆಲವರು ಫ್ರೇಮ್ ಲೆಕ್ಕದಲ್ಲಿ 1080ಐ/25 ಎಂದು ಬರೆಯುತ್ತಾರೆ. ಎರಡೂ ಒಂದೇ. ಜತೆಗೆ ಪಿಎಸ್‌ಎಫ್ ಎಂಬ ಇನ್ನೊಂದಿದೆ. 25 ಪೂರ್ತಿ ಫ್ರೇಮ್‌ಗಳನ್ನೇ ಎರಡೆರಡು ತುಂಡು ಮಾಡಿ, ಇಂಟರ್‌ಲೇಸ್ಡ್ ವೇಷ ತೊಡಿಸಿ ಕಳಿಸುವುದು. ಹೊರಗಿನಿಂದ ನೋಡಿದರೆ ಐ50 ತರಹವೇ ಕಾಣುತ್ತದೆ.

29.97 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಎಂದು ಎಲ್ಲರೂ ಒಮ್ಮೆ ಕೇಳುತ್ತಾರೆ. 1953ರಲ್ಲಿ ಅಮೆರಿಕದಲ್ಲಿ ಎನ್‌ಟಿಎಸ್‌ಸಿ ಬಣ್ಣದ ಟಿವಿಗೆ ಒಪ್ಪಿಗೆ ಸಿಕ್ಕಿತು. ಆಗ ಬಣ್ಣದ ಸಿಗ್ನಲ್ಲು ಧ್ವನಿಯ ಸಿಗ್ನಲ್ಲಿಗೆ ತಾಗಿ ಚಿತ್ರದಲ್ಲಿ ಕಲೆ ಮೂಡಬಾರದು ಎಂದು 30ರ ವೇಗವನ್ನು ಸಾವಿರದಲ್ಲಿ ಒಂದು ಪಾಲಿನಷ್ಟು ಇಳಿಸಿದರು. ಆ ಟಿವಿಗಳು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು, ಸಂಖ್ಯೆ ಮಾತ್ರ ಹೋಗಲಿಲ್ಲ. 23.976 ಮತ್ತು 59.94 ಕೂಡ ಅದೇ ಮನೆಯ ಮಕ್ಕಳು. ಮಾತಿನಲ್ಲಿ ಸುಮ್ನೆ '30' ಎಂದರೂ ಮೆನುವಿನಲ್ಲಿ 30.00 ಇದೆಯೋ 29.97 ಇದೆಯೋ ಕಣ್ಣಾರೆ ನೋಡಿ.

ಈಗ ಮೊದಲಿನ ಆ ಮಾತಿಗೆ ಬನ್ನಿ. ಕ್ಯಾಮೆರಾ ಅರ್ಧರ್ಧ ಚಿತ್ರ ಕಳಿಸುತ್ತಿದೆ, ಸ್ವಿಚರ್, ಅಂದರೆ ಹಲವು ಚಿತ್ರಗಳಲ್ಲಿ ಹೊರಗೆ ಹೋಗಬೇಕಾದದ್ದನ್ನು ಆರಿಸುವ ಪೆಟ್ಟಿಗೆ, ಪೂರ್ತಿ ಚಿತ್ರ ಕೇಳುತ್ತಿದೆ. ಅಷ್ಟೇ ವಿಷಯ.

ಹಂತ 3: ಕ್ಯಾಮೆರಾದಲ್ಲಿ 'ಸ್ಟಾಪ್' ಒಂದನ್ನೇ ಗಟ್ಟಿ ಹಿಡಿಯಿರಿ

ಕ್ಯಾಮೆರಾದ ಪದಗಳು ನೂರಾರು. ಆದರೆ ಬೆಳಕಿನ ಲೆಕ್ಕಕ್ಕೆ ನಾಣ್ಯ ಒಂದೇ, ಅದು ಸ್ಟಾಪ್. ಒಂದು ಸ್ಟಾಪ್ ಹೆಚ್ಚು ಎಂದರೆ ಎರಡರಷ್ಟು ಬೆಳಕು. ಒಂದು ಸ್ಟಾಪ್ ಕಡಿಮೆ ಎಂದರೆ ಅರ್ಧ.

ಲೆನ್ಸ್ ಒಳಗಿನ ಕಿಂಡಿ ಐರಿಸ್. ಅದರ ಅಳತೆ ಎಫ್-ಸ್ಟಾಪ್: 1.4, 2, 2.8, 4, 5.6, 8, 11. ಸಂಖ್ಯೆ ದೊಡ್ಡದಾದಂತೆ ಕಿಂಡಿ ಸಣ್ಣದು. ಪ್ರತಿ ಮೆಟ್ಟಿಲಿಗೂ ಬೆಳಕು ಅರ್ಧವಾಗುತ್ತದೆ. ಎಫ್-ಸ್ಟಾಪ್ ಬರೀ ಲೆಕ್ಕ. ಗಾಜು ತಾನೇ ಸ್ವಲ್ಪ ಬೆಳಕು ನುಂಗುತ್ತದೆ. ಅದನ್ನೂ ಕಳೆದು ನಿಜವಾಗಿ ದಾಟಿದ ಬೆಳಕನ್ನು ಹೇಳುವುದು ಟಿ-ಸ್ಟಾಪ್. ಸಿನಿಮಾ ಲೆನ್ಸ್ ಮೇಲೆ ಟಿ ಎಂದು ಬರೆದಿರುವುದು ಇದಕ್ಕೇ.

ಎನ್‌ಡಿ ಫಿಲ್ಟರ್ ಕ್ಯಾಮೆರಾದ ಕಪ್ಪು ಕನ್ನಡಕ. ಎನ್‌ಡಿ 0.3 ಎಂದರೆ ಒಂದು ಸ್ಟಾಪ್, 0.6 ಎಂದರೆ ಎರಡು, 1.8 ಎಂದರೆ ಆರು, ಅಂದರೆ 64ರಲ್ಲಿ ಒಂದು ಪಾಲು ಬೆಳಕು. ಇದಕ್ಕೆ ವಿರುದ್ಧ ಗೇನ್. ಸಿಗ್ನಲ್ಲನ್ನು ವಿದ್ಯುತ್ತಿನಿಂದ ಎತ್ತುವುದು. 6 ಡೆಸಿಬೆಲ್ ಎತ್ತಿದರೆ ಒಂದು ಸ್ಟಾಪ್ ಸಿಕ್ಕಿದಂತೆ. ಜತೆಗೆ ನಾಯ್ಸ್ ಕೂಡ ಏಳುತ್ತದೆ, ಕತ್ತಲಿನ ಭಾಗದಲ್ಲಿ ರವೆ ಚೆಲ್ಲಿದ ಹಾಗೆ.

ಶಟರ್‌ಗೆ ಎರಡು ಭಾಷೆ ಇದೆ. ಒಂದು ಸಮಯ: 1/50 ಸೆಕೆಂಡ್. ಇನ್ನೊಂದು ಕೋನ: 180 ಡಿಗ್ರಿ. ಫಿಲ್ಮ್ ಕ್ಯಾಮೆರಾದಲ್ಲಿ ತಿರುಗುವ ತಟ್ಟೆಯೊಂದಿತ್ತು. ಅದರ ಅರ್ಧ ಭಾಗ ತೆರೆದಿದ್ದರೆ 180 ಡಿಗ್ರಿ. ಸೆಕೆಂಡಿಗೆ 25 ಫ್ರೇಮ್‌ನಲ್ಲಿ 180 ಡಿಗ್ರಿ ಎಂದರೆ 1/50. ಚಲನೆ ನಮ್ಮ ಕಣ್ಣಿಗೆ ಸಹಜವಾಗಿ ಕಾಣುವುದು ಇದರ ಆಸುಪಾಸಿನಲ್ಲೇ. ದೀಪಗಳ ಕೆಳಗೆ ಚಿತ್ರ ಮಿಣುಕಿದರೆ ಅದಕ್ಕೆ ಫ್ಲಿಕರ್ ಎನ್ನುತ್ತಾರೆ. ಕರೆಂಟು 50 ಹರ್ಟ್ಜ್ ಇರುವ ಕಡೆ 1/50 ಅಥವಾ 1/100, 60 ಹರ್ಟ್ಜ್ ಇರುವ ಕಡೆ 1/60 ಅಥವಾ 1/120 ಇಟ್ಟು ನೋಡಿ. ಹೆಚ್ಚಿನ ಸಲ ನಿಲ್ಲುತ್ತದೆ.

ಸೆನ್ಸರ್ ಅಳತೆಯಲ್ಲಿ ಒಂದು ತಮಾಷೆ ಇದೆ. ಫುಲ್ ಫ್ರೇಮ್ ಎಂದರೆ 36×24 ಮಿಲಿಮೀಟರ್, ಸರಿ. ಟಿವಿ ಸ್ಟುಡಿಯೊ ಕ್ಯಾಮೆರಾಗಳ '2/3 ಇಂಚು' ಸೆನ್ಸರ್ ಅಳೆದು ನೋಡಿದರೆ ಮೂಲೆಯಿಂದ ಮೂಲೆಗೆ ಸುಮಾರು 11 ಮಿಲಿಮೀಟರ್ ಮಾತ್ರ. 2/3 ಇಂಚು ಎಂದರೆ 17 ಆಗಬೇಕಿತ್ತಲ್ಲ? ಆ 2/3 ಇಂಚು ಹಳೆಯ ಕ್ಯಾಮೆರಾ ಟ್ಯೂಬ್‌ನ ಹೊರಮೈ ಅಳತೆ. ಟ್ಯೂಬ್ ಹೋಯಿತು, ಹೆಸರು ಉಳಿಯಿತು. ಈ ಕ್ಯಾಮೆರಾಗಳ ಲೆನ್ಸ್ ಕೂರುವ ಜಾಗಕ್ಕೆ ಬಿ4 ಮೌಂಟ್ ಎಂದು ಹೆಸರು. ಝೂಮ್ ಒಳಗೆ ಹೋದಾಗ ಫೋಕಸ್ ಸರಿ ಇದ್ದು ಹೊರಗೆ ಬಂದಾಗ ತಪ್ಪಿದರೆ ಬ್ಯಾಕ್ ಫೋಕಸ್ ಸರಿಮಾಡಬೇಕು.

ವ್ಯೂಫೈಂಡರ್‌ನಲ್ಲಿ ಎರಡು ಗೆಳೆಯರಿದ್ದಾರೆ. ಬೆಳಕು ಮಿತಿ ದಾಟಿದ ಕಡೆ ಪಟ್ಟೆ ತೋರಿಸುವುದು ಝೀಬ್ರಾ. ಫೋಕಸ್ ಆದ ಅಂಚುಗಳಿಗೆ ಬಣ್ಣ ಹಚ್ಚುವುದು ಪೀಕಿಂಗ್. ಎರಡೂ ರೆಕಾರ್ಡ್ ಆಗುವುದಿಲ್ಲ, ಹೆದರಬೇಡಿ.

ಹಂತ 4: ಬಣ್ಣದ ಸಂಖ್ಯೆಗಳನ್ನು ಬಿಡಿಸಿ

ಮೊದಲು ವೈಟ್ ಬ್ಯಾಲೆನ್ಸ್. ಬಲ್ಬಿನ ಬೆಳಕು ಹಳದಿ, ಹಗಲಿನದು ನೀಲಿ. ಇದನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಟಂಗ್‌ಸ್ಟನ್ ದೀಪಕ್ಕೆ 3200, ಹಗಲಿಗೆ 5600. ಕ್ಯಾಮೆರಾಗೆ "ಇದು ಬಿಳಿ" ಎಂದು ಒಂದು ಬಿಳಿ ಹಾಳೆ ತೋರಿಸುವುದು ಇದಕ್ಕೇ.

ಬಿಟ್ ಡೆಪ್ತ್ ಎಂದರೆ ಕಪ್ಪಿನಿಂದ ಬಿಳಿಗೆ ಎಷ್ಟು ಮೆಟ್ಟಿಲು ಎಂಬ ಲೆಕ್ಕ. 8 ಬಿಟ್ ಎಂದರೆ 256 ಮೆಟ್ಟಿಲು. 10 ಬಿಟ್ ಎಂದರೆ 1024. 8 ಬಿಟ್‌ನಲ್ಲಿ ಸಂಜೆಯ ಆಕಾಶ ತೆಗೆದು, ಆಮೇಲೆ ಬಣ್ಣ ಎಳೆದಾಡಿದರೆ ಮೆಟ್ಟಿಲುಗಳು ಕಣ್ಣಿಗೇ ಕಾಣುತ್ತವೆ. ಅದಕ್ಕೆ ಬ್ಯಾಂಡಿಂಗ್ ಎನ್ನುತ್ತಾರೆ.

4:2:2 ಎಂಬ ಸಂಖ್ಯೆ ನೋಡಿ ಹೆದರುವವರು ಜಾಸ್ತಿ. ವಿಷಯ ಸರಳ. ನಮ್ಮ ಕಣ್ಣು ಬೆಳಕು ನೆರಳಿನ ಸೂಕ್ಷ್ಮ ಹಿಡಿಯುವಷ್ಟು ಬಣ್ಣದ ಸೂಕ್ಷ್ಮ ಹಿಡಿಯುವುದಿಲ್ಲ. ಹಾಗಾಗಿ ವಿಡಿಯೊ ಬೆಳಕನ್ನೂ ಬಣ್ಣವನ್ನೂ ಬೇರೆ ಬೇರೆ ಇಡುತ್ತದೆ. ಬೆಳಕು ಲೂಮಾ, ಬಣ್ಣ ಕ್ರೋಮಾ. 4:4:4ರಲ್ಲಿ ಪ್ರತಿ ಪಿಕ್ಸೆಲ್‌ಗೂ ಬಣ್ಣದ ಮಾಹಿತಿ ಇದೆ. 4:2:2ರಲ್ಲಿ ಅಡ್ಡಕ್ಕೆ ಎರಡು ಪಿಕ್ಸೆಲ್‌ಗೆ ಒಂದು ಸಲ. 4:2:0ರಲ್ಲಿ ಅಡ್ಡಕ್ಕೂ ಅರ್ಧ, ಉದ್ದಕ್ಕೂ ಅರ್ಧ. ನೋಡಲು ಮೂರೂ ಹೆಚ್ಚುಕಡಿಮೆ ಒಂದೇ. ಆದರೆ ಹಸಿರು ಪರದೆ ಮುಂದೆ ತೆಗೆದ ಚಿತ್ರದಲ್ಲಿ ಕೂದಲಿನ ಅಂಚು ಕತ್ತರಿಸಲು ಹೋದಾಗ 4:2:0 ಕೈಕೊಡುತ್ತದೆ.

ಇಲ್ಲೊಂದು ಗುಣಾಕಾರ ಮಾಡಿಕೊಳ್ಳೋಣ, ಮುಂದೆ ಬೇಕಾಗುತ್ತದೆ. 4:2:2ರಲ್ಲಿ ಒಂದು ಪಿಕ್ಸೆಲ್‌ಗೆ ಸರಾಸರಿ ಎರಡು ಸಂಖ್ಯೆ. 10 ಬಿಟ್ ಆದರೆ 20 ಬಿಟ್. 1920×1080 ಪಿಕ್ಸೆಲ್, ಸೆಕೆಂಡಿಗೆ 25 ಫ್ರೇಮ್. ಎಲ್ಲ ಗುಣಿಸಿದರೆ ಸೆಕೆಂಡಿಗೆ ಸುಮಾರು 1.04 ಗಿಗಾಬಿಟ್. ಈ ಸಂಖ್ಯೆ ನೆನಪಿಡಿ.

ಕಲರ್ ಸ್ಪೇಸ್ ಎಂದರೆ ಬಣ್ಣದ ಪೆಟ್ಟಿಗೆಯ ಗಾತ್ರ. ಎಚ್‌ಡಿಗೆ ರೆಕ್ 709, ಯುಎಚ್‌ಡಿಗೆ ಅದಕ್ಕಿಂತ ದೊಡ್ಡದಾದ ರೆಕ್ 2020. ಡೈನಾಮಿಕ್ ರೇಂಜ್ ಎಂದರೆ ತೀರಾ ಕತ್ತಲಿನಿಂದ ತೀರಾ ಬೆಳಕಿನವರೆಗೆ ಕ್ಯಾಮೆರಾ ಎಷ್ಟು ಸ್ಟಾಪ್ ಹಿಡಿಯಬಲ್ಲದು ಎಂಬುದು. ಆ ರೇಂಜನ್ನೆಲ್ಲ ಒತ್ತಿ ಒಳಗೆ ತುಂಬುವ ಬಗೆ ಲಾಗ್. ಲಾಗ್ ಚಿತ್ರ ನೇರವಾಗಿ ನೋಡಿದರೆ ಬೂದಿ ಬಳಿದ ಹಾಗೆ ಪೇಲವ. ಅದನ್ನು ಸಾಮಾನ್ಯ ಚಿತ್ರವಾಗಿಸುವ ಲೆಕ್ಕದ ಕೋಷ್ಟಕವೇ ಲಟ್. ಎಚ್‌ಡಿಆರ್, ಅಂದರೆ ಹೆಚ್ಚು ಡೈನಾಮಿಕ್ ರೇಂಜ್ ಇರುವ ಚಿತ್ರ. ಅದರಲ್ಲಿ ಪಿಕ್ಯೂ ಮತ್ತು ಎಚ್‌ಎಲ್‌ಜಿ ಎಂದು ಎರಡು ಬಗೆಯ ಹೆಸರು ಸಿಗುತ್ತವೆ. ಎಚ್‌ಎಲ್‌ಜಿ ರೂಪಿಸಿದವರು ಬಿಬಿಸಿ ಮತ್ತು ಜಪಾನಿನ ಎನ್‌ಎಚ್‌ಕೆ. ಸಾದಾ ಟಿವಿಯಲ್ಲೂ ಒಂದು ಮಟ್ಟಿಗೆ ಸರಿಯಾಗಿ ಕಾಣಲಿ ಎಂಬುದು ಅದರ ಉದ್ದೇಶ.

ಇದನ್ನೆಲ್ಲ ಕಣ್ಣಳತೆಯಲ್ಲಿ ತೀರ್ಮಾನಿಸಬೇಡಿ. ಬೆಳಕಿನ ಮಟ್ಟಕ್ಕೆ ವೇವ್‌ಫಾರ್ಮ್ ಇದೆ, ಬಣ್ಣಕ್ಕೆ ವೆಕ್ಟರ್‌ಸ್ಕೋಪ್ ಇದೆ. ಮಾನಿಟರ್ ಸುಳ್ಳು ಹೇಳಬಹುದು, ಇವು ಹೇಳುವುದಿಲ್ಲ.

ಹಂತ 5: ಫೈಲು ಬೇರೆ, ಅದರೊಳಗಿನ ಸರಕು ಬೇರೆ

ಇದು ಚಿಕ್ಕ ಹಂತ. ಎಂಪಿ4, ಎಂಒವಿ, ಎಂಎಕ್ಸ್‌ಎಫ್ ಇವು ಕಂಟೇನರ್‌ಗಳು, ಅಂದರೆ ಡಬ್ಬಿಗಳು. ಒಳಗಿನ ಚಿತ್ರವನ್ನು ಹಿಂಡಿ ಇಟ್ಟ ಬಗೆ ಕೋಡೆಕ್: ಎಚ್.264, ಎಚ್.265, ಪ್ರೋರೆಸ್, ಡಿಎನ್‌ಎಕ್ಸ್‌ಎಚ್‌ಡಿ. "ಎಂಪಿ4 ಕೊಡಿ" ಎಂದರೆ "ಡಬ್ಬಿಯಲ್ಲಿ ಕೊಡಿ" ಎಂದಂತೆ. ಒಳಗೇನು ಎಂದು ಹೇಳಿಲ್ಲ.

ಪ್ರತಿ ಫ್ರೇಮನ್ನೂ ಅದಷ್ಟಕ್ಕೇ ಹಿಂಡಿದರೆ ಇಂಟ್ರಾ. ಒಂದು ಪೂರ್ತಿ ಫ್ರೇಮ್ ಇಟ್ಟು, ಮುಂದಿನ ಹಲವು ಫ್ರೇಮ್‌ಗಳಲ್ಲಿ ಬದಲಾದದ್ದಷ್ಟೇ ಬರೆದರೆ ಲಾಂಗ್ ಗಾಪ್. ಎರಡನೆಯದು ಜಾಗ ಉಳಿಸುತ್ತದೆ, ಎಡಿಟಿಂಗ್ ಮಾಡುವಾಗ ಕಂಪ್ಯೂಟರಿಗೆ ಬೆವರಿಳಿಸುತ್ತದೆ.

ಬಿಟ್‌ರೇಟ್ ಲೆಕ್ಕ ಬೆರಳ ತುದಿಯಲ್ಲಿರಲಿ. ಕ್ಯಾಮೆರಾ ಹೇಳುವುದು ಮೆಗಾಬಿಟ್, ಕಾರ್ಡ್ ಹೇಳುವುದು ಗಿಗಾಬೈಟ್. 8 ಬಿಟ್‌ಗೆ ಒಂದು ಬೈಟ್. ಸೆಕೆಂಡಿಗೆ 100 ಮೆಗಾಬಿಟ್ ಎಂದರೆ 12.5 ಮೆಗಾಬೈಟ್. ಗಂಟೆಗೆ 45 ಗಿಗಾಬೈಟ್. 128 ಗಿಗಾಬೈಟ್ ಕಾರ್ಡ್ ಮೂರು ಗಂಟೆಯ ಕಾರ್ಯಕ್ರಮಕ್ಕೆ ಸಾಲುವುದಿಲ್ಲ ಎಂದು ಮನೆಯಲ್ಲೇ ಗೊತ್ತಾದರೆ ಒಳ್ಳೆಯದು.

ಹಂತ 6: ಈಗ ನಿಜವಾದ ವೈರ್

ಎಸ್‌ಡಿಐ ವೃತ್ತಿಯವರ ವೈರ್. ಒಂದೇ ತಂತಿಯ ಕೋಆಕ್ಸ್ ಕೇಬಲ್, ತುದಿಯಲ್ಲಿ ತಿರುಗಿಸಿ ಬೀಗ ಹಾಕುವ ಬಿಎನ್‌ಸಿ. ಕಾಲು ಎಡವಿದರೂ ಕಳಚಿ ಬರುವುದಿಲ್ಲ. ಹಿಂಡದ ಚಿತ್ರದ ಜತೆ 16 ಚಾನೆಲ್ ಆಡಿಯೊ ಕೂಡ ಅದರಲ್ಲೇ ಹೋಗುತ್ತದೆ. ಈ ಒಳಗೆ ಕೂತ ಆಡಿಯೊಗೆ ಎಂಬೆಡೆಡ್ ಎನ್ನುತ್ತಾರೆ. ಹೊರಗೆ ತೆಗೆಯುವ ಪೆಟ್ಟಿಗೆ ಡಿಎಂಬೆಡರ್.

ಮಾಡಿಟ್ಟ ಗುಣಾಕಾರ ಈಗ ತೆಗೆಯಿರಿ. 25 ಫ್ರೇಮ್ ಎಚ್‌ಡಿಗೆ 1.04 ಗಿಗಾಬಿಟ್ ಬೇಕಿತ್ತು. ಎಚ್‌ಡಿ-ಎಸ್‌ಡಿಐ ಹೊರುವುದು 1.485. ಚಿತ್ರ ಹಿಡಿಯಿತು, ಆಡಿಯೊ ಮತ್ತು ಇತರ ಮಾಹಿತಿಗೂ ಜಾಗ ಉಳಿಯಿತು. 50 ಫ್ರೇಮ್ ಆದರೆ ಎರಡರಷ್ಟು, 2.07. ಅದಕ್ಕೆ 2.97 ಹೊರುವ 3ಜಿ-ಎಸ್‌ಡಿಐ ಬೇಕು. ಯುಎಚ್‌ಡಿ 50 ಫ್ರೇಮ್ ಆದರೆ ಇನ್ನೂ ನಾಲ್ಕರಷ್ಟು, 8.3. ಅದಕ್ಕೆ 12ಜಿ. ಈ 3ಜಿ, 12ಜಿ ಹೆಸರುಗಳಿಗೂ ಮೊಬೈಲಿನ 3ಜಿಗೂ ಏನೂ ಸಂಬಂಧವಿಲ್ಲ. ಎಷ್ಟು ಗಿಗಾಬಿಟ್ ಎಂಬುದಷ್ಟೇ. ವೇಗ ಹೆಚ್ಚಿದಂತೆ ಕೇಬಲ್ ಹೋಗುವ ದೂರ ಕಡಿಮೆಯಾಗುತ್ತದೆ. ಒಳ್ಳೆಯ ಕೇಬಲ್‌ನಲ್ಲಿ ಎಚ್‌ಡಿ 100 ಮೀಟರ್ ಹತ್ತಿರ ಹೋದರೆ 12ಜಿ ಅಷ್ಟು ದೂರ ಹೋಗುವುದಿಲ್ಲ. ಆಮೇಲೆ ಫೈಬರ್ ಬೇಕು. ಕೇಬಲ್ 75 ಓಮ್‌ನದೇ ಆಗಿರಲಿ. ನೋಡಲು ಅದೇ ತರಹ ಇರುವ 50 ಓಮ್ ಕೇಬಲ್ ರೇಡಿಯೊ ಕೆಲಸದ್ದು.

ಎಸ್‌ಡಿಐನಲ್ಲಿ ತಪ್ಪು ಬಂದರೆ ಮೊದಲು ಚಿತ್ರದಲ್ಲಿ ಚುಕ್ಕೆ ಮಿನುಗುತ್ತವೆ, ಸ್ವಲ್ಪ ಹೊತ್ತಿಗೆ ಪೂರ್ತಿ ಕಪ್ಪು. ನಡುವೆ ಮೆಲ್ಲಗೆ ಕೆಡುವ ಹಂತ ಇಲ್ಲ. ಚುಕ್ಕೆ ಕಂಡರೆ "ನಡೆಯುತ್ತೆ ಬಿಡು" ಎನ್ನಬೇಡಿ. ಅದು ಬಂಡೆಯ ಅಂಚು.

ಎಚ್‌ಡಿಎಂಐ ಮಾತಾಡುವ ವೈರ್. ಎಸ್‌ಡಿಐ ಸುಮ್ಮನೆ ಕಳಿಸುತ್ತದೆ, ಎದುರಿಗೆ ಯಾರಿದ್ದಾರೆ ಎಂದು ಕೇಳುವುದಿಲ್ಲ. ಎಚ್‌ಡಿಎಂಐ ಮೊದಲು ಪರದೆಯನ್ನು ಕೇಳುತ್ತದೆ: ನೀನು ಯಾರು, ಏನೇನು ತೋರಿಸಬಲ್ಲೆ? ಪರದೆ ಕೊಡುವ ಆ ಉತ್ತರಪತ್ರವೇ ಇಡಿಐಡಿ. ನಡುವಿನ ಪೆಟ್ಟಿಗೆ ತಪ್ಪು ಉತ್ತರ ಕೊಟ್ಟರೆ ಲ್ಯಾಪ್‌ಟಾಪ್ ವಿಚಿತ್ರ ರೆಸಲ್ಯೂಶನ್ ಕಳಿಸುತ್ತದೆ. ಇದರ ಮೇಲೆ ಇನ್ನೊಂದು ಬೀಗ ಎಚ್‌ಡಿಸಿಪಿ. ನಕಲು ತಡೆಯುವ ಗೂಢಲಿಪಿ ಇದು.

ಒಂದು ಕಾರ್ಯಕ್ರಮದಲ್ಲಿ ಶುರುವಾಗಲು ಹತ್ತು ನಿಮಿಷ ಇತ್ತು. ಲ್ಯಾಪ್‌ಟಾಪ್ ಚಿತ್ರ ಚಿಕ್ಕ ಮಾನಿಟರಿನಲ್ಲಿ ಬರುತ್ತಿದೆ, ದೊಡ್ಡ ಪರದೆಯಲ್ಲಿ ಕಪ್ಪು. ಕೇಬಲ್ ಬದಲಿಸಿದೆ, ಕನ್ವರ್ಟರ್ ಬದಲಿಸಿದೆ, ದೇವರಿಗೆ ಕೈಮುಗಿದೆ. ಕಾರಣ ಎಚ್‌ಡಿಸಿಪಿ. ಲ್ಯಾಪ್‌ಟಾಪ್ ಬೀಗ ಹಾಕಿದ ಸಿಗ್ನಲ್ ಕಳಿಸುತ್ತಿತ್ತು, ದಾರಿಯಲ್ಲಿ ಎಸ್‌ಡಿಐ ಕನ್ವರ್ಟರ್ ಇತ್ತು. ಎಸ್‌ಡಿಐನಲ್ಲಿ ಆ ಬೀಗಕ್ಕೆ ಜಾಗವಿಲ್ಲ, ಹಾಗಾಗಿ ಕನ್ವರ್ಟರ್ ಚಿತ್ರವನ್ನೇ ತಡೆಯಿತು. ಬೇರೆ ಲ್ಯಾಪ್‌ಟಾಪ್ ತಂದು ಬಚಾವಾದೆ. ಎಚ್‌ಡಿಎಂಐನಲ್ಲಿ ಚಿತ್ರ ಬಾರದಿದ್ದರೆ ಈಗಲೂ ನಾನು ಕೇಬಲ್, ಇಡಿಐಡಿ, ಎಚ್‌ಡಿಸಿಪಿ ಎಂಬ ಸಾಲಿನಲ್ಲೇ ಹುಡುಕುತ್ತೇನೆ.

ನೆಟ್‌ವರ್ಕ್ ಕೇಬಲ್‌ನಲ್ಲಿ ಹೋಗುವ ವಿಡಿಯೊಗಳನ್ನು ಒಂದೇ ಎಂದುಕೊಳ್ಳಬೇಡಿ. ಎಚ್‌ಡಿಬೇಸ್‌ಟಿ ಅದೇ ಕೇಬಲ್ ಬಳಸಿ 100 ಮೀಟರ್‌ವರೆಗೆ ಹೋಗುತ್ತದೆ, ಆದರೆ ಅದು ನೆಟ್‌ವರ್ಕ್ ಅಲ್ಲ, ಸಾದಾ ನೆಟ್‌ವರ್ಕ್ ಸ್ವಿಚ್‌ಗೆ ಸಿಕ್ಕಿಸಿದರೆ ಕೆಲಸ ಮಾಡುವುದಿಲ್ಲ. ಎನ್‌ಡಿಐ ನಿಜವಾದ ನೆಟ್‌ವರ್ಕ್ ವಿಡಿಯೊ, ಹಿಂಡಿ ಕಳಿಸುತ್ತದೆ, ಸಾಮಾನ್ಯ ಗಿಗಾಬಿಟ್ ನೆಟ್‌ವರ್ಕ್ ಸಾಕು. ಎಸ್‌ಎಂಪಿಟಿಇ 2110 ದೊಡ್ಡ ಸ್ಟುಡಿಯೊಗಳ ಬಗೆ. ಚಿತ್ರ, ಧ್ವನಿ, ಮಾಹಿತಿ ಮೂರೂ ಬೇರೆ ಬೇರೆ ಹೊಳೆಯಾಗಿ ಹರಿಯುತ್ತವೆ.

ಹಂತ 7: ಎಲ್ಲರ ಗಡಿಯಾರ ಒಂದು ಮಾಡಿ

ನಾಲ್ಕು ಕ್ಯಾಮೆರಾ ಒಂದೇ 1080ಪಿ50ಗೆ ಇದ್ದರೂ ಪ್ರತಿಯೊಂದೂ ತನಗೆ ತೋಚಿದ ಕ್ಷಣಕ್ಕೆ ಫ್ರೇಮ್ ಶುರುಮಾಡುತ್ತದೆ. ಭಜನೆಯಲ್ಲಿ ಎಲ್ಲರೂ ಒಂದೇ ಲಯದಲ್ಲಿದ್ದು ತಾಳ ಮಾತ್ರ ಬೇರೆ ಬೇರೆ ಹೊತ್ತಿಗೆ ತಟ್ಟಿದ ಹಾಗೆ. ಎಲ್ಲರಿಗೂ ಒಂದೇ ತಾಳ ಕೊಡುವುದು ಜೆನ್‌ಲಾಕ್. ತಾಳ ಹಾಕುವ ಪೆಟ್ಟಿಗೆ ಸಿಂಕ್ ಜನರೇಟರ್. ಅದು ಕಳಿಸುವ ಸಿಗ್ನಲ್ ಬ್ಲ್ಯಾಕ್ ಬರ್ಸ್ಟ್ ಅಥವಾ ಟ್ರೈ-ಲೆವೆಲ್ ಸಿಂಕ್. ಸಾಧನದ ಹಿಂದೆ 'ರೆಫ್' ಎಂದು ಬರೆದ ಕಿಂಡಿ ಇದ್ದರೆ ಅದು ಇದಕ್ಕೆ.

ಜೆನ್‌ಲಾಕ್ ಇಲ್ಲದ ಸೋರ್ಸ್ ಬಂದರೆ ಫ್ರೇಮ್ ಸಿಂಕ್ರೊನೈಸರ್ ಅದನ್ನು ಹಿಡಿದು, ತಾಳಕ್ಕೆ ಕಾಯಿಸಿ ಬಿಡುತ್ತದೆ. ಚಿಕ್ಕ ಸ್ವಿಚರ್‌ಗಳಲ್ಲಿ ಇದು ಪ್ರತಿ ಇನ್‌ಪುಟ್‌ಗೂ ಒಳಗೇ ಇರುತ್ತದೆ. ಬೆಲೆ? ಒಂದು ಫ್ರೇಮ್‌ವರೆಗಿನ ತಡ.

ಟೈಮ್‌ಕೋಡ್ ಬೇರೆ ವಿಷಯ, ಜೆನ್‌ಲಾಕ್ ಜತೆ ಕಲಸಬೇಡಿ. ಜೆನ್‌ಲಾಕ್ ತಾಳ, ಟೈಮ್‌ಕೋಡ್ ಪ್ರತಿ ಫ್ರೇಮಿನ ಹಣೆಬರಹ: ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್. 29.97ರ ತಲೆನೋವು ಇಲ್ಲೂ ಬರುತ್ತದೆ. ಸೆಕೆಂಡಿಗೆ 30ರಂತೆ ಎಣಿಸುತ್ತಾ ಹೋದರೆ ಒಂದು ಗಂಟೆಗೆ 108 ಫ್ರೇಮ್, ಅಂದರೆ 3.6 ಸೆಕೆಂಡ್ ಹಿಂದೆ ಬೀಳುತ್ತೇವೆ. ಅದನ್ನು ಸರಿದೂಗಿಸಲು ಡ್ರಾಪ್-ಫ್ರೇಮ್ ಎಣಿಕೆ ಇದೆ. ಪ್ರತಿ ನಿಮಿಷ ಎರಡು ಸಂಖ್ಯೆ ಹಾರಿಸುತ್ತದೆ, ಹತ್ತನೇ ನಿಮಿಷಗಳಲ್ಲಿ ಮಾತ್ರ ಹಾರಿಸುವುದಿಲ್ಲ. ಹಾರುವುದು ಸಂಖ್ಯೆ, ಚಿತ್ರವಲ್ಲ.

ಹಂತ 8: ಸ್ವಿಚರ್ ಮುಂದೆ ಕೂತಾಗ

ಪ್ರೋಗ್ರಾಂ ಎಂದರೆ ಈಗ ಹೊರಗೆ ಹೋಗುತ್ತಿರುವ ಚಿತ್ರ, ಕೆಂಪು. ಪ್ರಿವ್ಯೂ ಎಂದರೆ ಮುಂದೆ ಹೋಗಲಿರುವುದು, ಹಸಿರು. ಕ್ಯಾಮೆರಾ ಮೇಲೆ ಹತ್ತುವ ಕೆಂಪು ದೀಪ ಟ್ಯಾಲಿ. ಅದು ಹತ್ತಿದ್ದಾಗ ಮೂಗು ಮುಟ್ಟಿಕೊಳ್ಳಬೇಡಿ. ಚಕ್ಕನೆ ಬದಲಿಸಿದರೆ ಕಟ್, ಒಂದರಲ್ಲೊಂದು ಕರಗಿಸಿದರೆ ಮಿಕ್ಸ್, ಅಂಚಿನಿಂದ ಒರೆಸಿದರೆ ವೈಪ್. ಒಂದು ಚಿತ್ರದ ಮೇಲೆ ಇನ್ನೊಂದನ್ನು ಕತ್ತರಿಸಿ ಕೂರಿಸುವುದು ಕೀ. ಎಲ್ಲಕ್ಕಿಂತ ಕೊನೆಗೆ, ಎಲ್ಲದರ ಮೇಲೆ ಕೂರುವ ಕೀ ಡಿಎಸ್‌ಕೆ. ಹೆಸರು, ಲೋಗೊ ಹೋಗುವುದು ಇಲ್ಲೇ. ಅವು ಸೇರಿದ ಫೀಡ್‌ಗೆ ಡರ್ಟಿ, ಸೇರದ ಫೀಡ್‌ಗೆ ಕ್ಲೀನ್ ಎನ್ನುತ್ತಾರೆ. "ಕ್ಲೀನ್ ಫೀಡ್ ಬೇಕು" ಎಂದು ಯಾರಾದರೂ ಕೇಳಿದರೆ ಗುಣಮಟ್ಟ ಕೇಳುತ್ತಿಲ್ಲ, ಬರಹವಿಲ್ಲದ ಚಿತ್ರ ಕೇಳುತ್ತಿದ್ದಾರೆ. ಪ್ರೋಗ್ರಾಂಗೆ ಸಂಬಂಧವಿಲ್ಲದೆ ಯಾವ ಸೋರ್ಸ್ ಬೇಕೋ ಅದನ್ನು ಕಳಿಸುವ ಔಟ್‌ಪುಟ್ ಆಕ್ಸ್.

ಹಂತ 9: ಧ್ವನಿಗೆ ಕಿವಿ ಕೊಡಿ

ಚಿತ್ರ ಸ್ವಲ್ಪ ಕೆಟ್ಟರೆ ಜನ ಸಹಿಸುತ್ತಾರೆ. ಧ್ವನಿ ಕೆಟ್ಟರೆ ಎದ್ದು ಹೋಗುತ್ತಾರೆ. ಆದರೂ ವಿಡಿಯೊದವರು ಇದನ್ನು ಕೊನೆಗೇ ಕಲಿಯುವುದು.

ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ ಬ್ಯಾಲೆನ್ಸ್ಡ್. ಒಂದನೇ ಪಿನ್ ಗ್ರೌಂಡ್. ಎರಡರಲ್ಲಿ ಸಿಗ್ನಲ್, ಮೂರರಲ್ಲಿ ಅದೇ ಸಿಗ್ನಲ್ ತಲೆಕೆಳಗಾಗಿ. ದಾರಿಯಲ್ಲಿ ಸೇರಿದ ಗದ್ದಲ ಎರಡು ತಂತಿಗೂ ಒಂದೇ ತರಹ ಅಂಟುತ್ತದೆ. ಕೊನೆಗೆ ಒಂದನ್ನು ಇನ್ನೊಂದರಿಂದ ಕಳೆದಾಗ ಗದ್ದಲ ಹೋಗಿ ಸಿಗ್ನಲ್ ಉಳಿಯುತ್ತದೆ. ಎಷ್ಟು ಚಂದದ ಉಪಾಯ ನೋಡಿ.

ಮೈಕ್ ಲೆವೆಲ್ ಮಿಲಿವೋಲ್ಟ್‌ಗಳ ಪಿಸುಮಾತು. ಲೈನ್ ಲೆವೆಲ್ ಗಟ್ಟಿ ಧ್ವನಿ, ವೃತ್ತಿಪರ ಸಾಧನಗಳಲ್ಲಿ +4 ಡಿಬಿಯು, ಸುಮಾರು 1.23 ವೋಲ್ಟ್. ಲೈನ್ ಸಿಗ್ನಲ್ಲನ್ನು ಮೈಕ್ ಇನ್‌ಪುಟ್‌ಗೆ ಕೊಟ್ಟರೆ ಹರಿದುಹೋದ ಶಬ್ದ. ಮೈಕನ್ನು ಲೈನ್‌ಗೆ ಕೊಟ್ಟರೆ ಏನೂ ಕೇಳಿಸದು. ಕಂಡೆನ್ಸರ್ ಮೈಕ್‌ಗೆ ಬೇಕಾದ 48 ವೋಲ್ಟ್ ಫ್ಯಾಂಟಮ್ ಪವರ್ ಅದೇ ಕೇಬಲ್‌ನಲ್ಲಿ ಹೋಗುತ್ತದೆ. ಬೇಡದ ಕಡೆ ಆಫ್ ಇಡಿ.

ಡಿಜಿಟಲ್ ಮೀಟರಿನಲ್ಲಿ ಸೊನ್ನೆ ಎಂದರೆ ಛಾವಣಿ, 0 ಡಿಬಿಎಫ್‌ಎಸ್. ಅದರ ಮೇಲೆ ಏನೂ ಇಲ್ಲ, ತಾಗಿದರೆ ಕ್ಲಿಪ್. ಸಾಧನಗಳನ್ನು ಹೊಂದಿಸಲು ಕಳಿಸುವ ಟೋನ್ ಯುರೋಪಿನ ಪದ್ಧತಿಯಲ್ಲಿ −18ರಲ್ಲಿ, ಅಮೆರಿಕದ ಪದ್ಧತಿಯಲ್ಲಿ −20ರಲ್ಲಿ ಇರುತ್ತದೆ. ಮೊದಲು ಅದು ಯಾವುದು ಎಂದು ಕೇಳಿಕೊಳ್ಳಿ. ಇಡೀ ಕಾರ್ಯಕ್ರಮ ಕಿವಿಗೆ ಎಷ್ಟು ಜೋರು ಎಂಬುದನ್ನು ಎಲ್‌ಯುಎಫ್‌ಎಸ್‌ನಲ್ಲಿ ಅಳೆಯುತ್ತಾರೆ. ಯುರೋಪಿನ ಪ್ರಸಾರದ ಗುರಿ −23. ವಿಡಿಯೊ ಲೋಕದ ಸ್ಯಾಂಪಲ್ ರೇಟ್ 48 ಕಿಲೊಹರ್ಟ್ಜ್. ಸಿಡಿಯ 44.1 ಇಲ್ಲಿ ಬೇಡ.

ಲಿಪ್ ಸಿಂಕ್ ಎಂದರೆ ತುಟಿಗೂ ಮಾತಿಗೂ ಇರುವ ಹೊಂದಿಕೆ. ಚಿತ್ರ ಪ್ರತಿ ಪೆಟ್ಟಿಗೆಯಲ್ಲೂ ಒಂದಿಷ್ಟು ತಡವಾಗುತ್ತದೆ. 25 ಫ್ರೇಮ್‌ನಲ್ಲಿ ಒಂದು ಫ್ರೇಮ್ ತಡ ಎಂದರೆ 40 ಮಿಲಿಸೆಕೆಂಡ್. ಮೂರು ಪೆಟ್ಟಿಗೆ ದಾಟುವ ಹೊತ್ತಿಗೆ ಧ್ವನಿ ಮುಂದೆ ಓಡಿರುತ್ತದೆ. ಲೋಕದಲ್ಲಿ ಮಿಂಚು ಮೊದಲು, ಗುಡುಗು ಆಮೇಲೆ. ಹಾಗಾಗಿ ಧ್ವನಿ ಹಿಂದೆ ಬಿದ್ದರೆ ನಾವು ಅಷ್ಟು ಗಮನಿಸುವುದಿಲ್ಲ, ಮುಂದೆ ಬಂದರೆ ಕೂಡಲೇ ಕಸಿವಿಸಿ. ಆಡಿಯೊಗೆ ಡಿಲೇ ಕೊಟ್ಟು ಸರಿಮಾಡಿ.

ಹಂತ 10: ಪರದೆಯ ಲೆಕ್ಕ

ಪ್ರೊಜೆಕ್ಟರಿನ ಬೆಳಕು ಲೂಮೆನ್‌ನಲ್ಲಿ, ಪರದೆಯೇ ಹೊಳೆಯುವ ಮಾನಿಟರ್ ಮತ್ತು ಎಲ್‌ಇಡಿ ಗೋಡೆಯ ಬೆಳಕು ನಿಟ್‌ನಲ್ಲಿ. ಥ್ರೋ ರೇಶಿಯೊ ಎಂದರೆ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದ್ದು. ರೇಶಿಯೊ 1.5 ಇದ್ದು ಪರದೆ 4 ಮೀಟರ್ ಅಗಲ ಇದ್ದರೆ ಪ್ರೊಜೆಕ್ಟರ್ 6 ಮೀಟರ್ ದೂರ ಇರಬೇಕು. ಓರೆಯಾದ ಚಿತ್ರವನ್ನು ಲೆನ್ಸ್ ಶಿಫ್ಟ್‌ನಿಂದ ಸರಿಸಿದರೆ ಪಿಕ್ಸೆಲ್ ನಷ್ಟವಿಲ್ಲ. ಕೀಸ್ಟೋನ್‌ನಿಂದ ತಿದ್ದಿದರೆ ಚಿತ್ರವನ್ನೇ ಕುಗ್ಗಿಸಿದಂತೆ. ಕೀಸ್ಟೋನ್ ನನ್ನ ಕೊನೆಯ ಆಯ್ಕೆ.

ಎಲ್‌ಇಡಿ ಗೋಡೆಗೆ ಮುಖ್ಯವಾದದ್ದು ಪಿಕ್ಸೆಲ್ ಪಿಚ್, ಒಂದು ದೀಪದಿಂದ ಪಕ್ಕದ ದೀಪಕ್ಕೆ ಇರುವ ದೂರ. 2.5 ಮಿಲಿಮೀಟರ್ ಪಿಚ್ ಇದ್ದು ಕ್ಯಾಬಿನೆಟ್, ಅಂದರೆ ಜೋಡಿಸಿ ಗೋಡೆ ಕಟ್ಟುವ ಒಂದು ತುಂಡು, 500 ಮಿಲಿಮೀಟರ್ ಅಗಲ ಇದ್ದರೆ ಒಂದರಲ್ಲಿ 200 ಪಿಕ್ಸೆಲ್. 1920 ಬೇಕೆಂದರೆ ಹತ್ತು ಕ್ಯಾಬಿನೆಟ್, 5 ಮೀಟರ್ ಅಗಲ. ಮೊದಲ ಸಾಲಿನವರು ಕನಿಷ್ಠ ಎಷ್ಟು ದೂರ ಕೂರಬೇಕು ಎಂಬುದಕ್ಕೆ ಒರಟು ಲೆಕ್ಕವೊಂದಿದೆ: ಪಿಚ್ ಎಷ್ಟು ಮಿಲಿಮೀಟರೋ ಅಷ್ಟು ಮೀಟರ್.

ಹಂತ 11: ಒಂದು ಸಾಲು ಓದಿ ನೋಡಿ

ಯಾವುದಾದರೂ ಕ್ಯಾಮೆರಾದ ವಿವರಪಟ್ಟಿ ತೆರೆಯಿರಿ. ಇಂಥದೊಂದು ಸಾಲು ಸಿಗುತ್ತದೆ: "1080ಪಿ50, 4:2:2 10 ಬಿಟ್, 3ಜಿ-ಎಸ್‌ಡಿಐ ಔಟ್, ರೆಫ್ ಇನ್, ಎಕ್ಸ್‌ಎಲ್‌ಆರ್ ಎರಡು, +48 ವೋಲ್ಟ್." ಪೂರ್ತಿ ಫ್ರೇಮ್, ಸೆಕೆಂಡಿಗೆ ಐವತ್ತು. ಬಣ್ಣ ಎಳೆದಾಡಬಹುದು. ಬಿಎನ್‌ಸಿ ಕೇಬಲ್ ಬೇಕು. ಜೆನ್‌ಲಾಕ್ ಆಗುತ್ತದೆ. ಕಂಡೆನ್ಸರ್ ಮೈಕ್ ನೇರವಾಗಿ ಸಿಕ್ಕಿಸಬಹುದು. ಇದನ್ನು ನಿಮ್ಮ ಹಾಳೆಯ ಮೇಲಿನ ಮೊದಲ ಪೆಟ್ಟಿಗೆಯಲ್ಲಿ ಬರೆಯಿರಿ. ಅಲ್ಲಿಂದ ಹೊರಡುವ ಗೆರೆಯ ಮೇಲೆ '1080ಪಿ50, 3ಜಿ' ಎಂದು ಬರೆಯಿರಿ. ಪ್ರತಿ ಗೆರೆಗೂ ಹೀಗೆ ಮಾಡಿ. ಎಲ್ಲಿ ಗೆರೆಯ ಎರಡು ತುದಿಯಲ್ಲಿ ಬರೆದದ್ದು ಹೊಂದುವುದಿಲ್ಲವೋ ಅಲ್ಲಿಗೆ ಕನ್ವರ್ಟರ್ ಬೇಕು.

ಆ ಹಾಳೆಯನ್ನು ಕೆಲಸದ ದಿನ ಜೇಬಿನಲ್ಲಿಟ್ಟುಕೊಳ್ಳಿ. ಚಿತ್ರ ಬರದಿದ್ದಾಗ ಎಲ್ಲ ಕೇಬಲ್ ಒಟ್ಟಿಗೆ ಕಿತ್ತು ಹಾಕಬೇಡಿ. ಚಿಕ್ಕ ಮಾನಿಟರ್ ಒಂದನ್ನು ಹಿಡಿದು ಸೋರ್ಸ್ ಹತ್ತಿರ ಹೋಗಿ, ಅದರ ಔಟ್‌ಪುಟ್ ನೋಡಿ. ಬಂತಾ? ಮುಂದಿನ ಪೆಟ್ಟಿಗೆಗೆ ಹೋಗಿ.